ತೊಟ್ಟ ಅಂಗಿ, ಬಿಟ್ಟುಕೊಟ್ಟ ಗುಟ್ಟು: ಒಂದು ಪಾಠಮಾಲೆಯ ವಿಮರ್ಶೆ

ಕಥೆ ಕಾದಂಬರಿಗಳಲ್ಲಿ ಉಡುಪು ಪಾತ್ರದ ಸ್ವಭಾವವನ್ನು ಹೇಗೆ ಬಯಲು ಮಾಡುತ್ತದೆ ಎಂಬ ಒಂದೇ ವಿಷಯವನ್ನು ಹಿಡಿದು 8 ಉಪನ್ಯಾಸಗಳಲ್ಲಿ ಕಲಿಸುವ ಆನ್‌ಲೈನ್ ಪಾಠಮಾಲೆಯೊಂದನ್ನು ಈಚೆಗೆ ಕೇಳಿ ಮುಗಿಸಿದೆ. ಪ್ರತಿಯೊಂದು ಉಪನ್ಯಾಸವೂ ಸುಮಾರು 50 ನಿಮಿಷಗಳ ಧ್ವನಿಮುದ್ರಿಕೆ. ಅದರೊಂದಿಗೆ ಕೆಲವು ಪುಟಗಳ ಟಿಪ್ಪಣಿ ಸಿಗುತ್ತದೆ. ನಡುವೆ ಒಂದು, ಕೊನೆಯಲ್ಲಿ ಒಂದು ಎಂಬಂತೆ ಎರಡು ಬರವಣಿಗೆಯ ಅಭ್ಯಾಸಗಳಿದ್ದು, ಬರೆದು ಕಳಿಸಿದ್ದಕ್ಕೆ ಬೋಧಕರು ಲಿಖಿತವಾಗಿ ಅಭಿಪ್ರಾಯ ತಿಳಿಸುತ್ತಾರೆ. ಬೋಧನೆಯೆಲ್ಲ ಕನ್ನಡದಲ್ಲಿ. ನಾನು ಇದಕ್ಕೆ ಸೇರಿಕೊಳ್ಳಲು ಕಾರಣವಾದದ್ದು ನನ್ನ ಕಥೆಗಳನ್ನು ಓದಿದ ಸ್ನೇಹಿತರೊಬ್ಬರ ಮಾತು: ನನ್ನ ಪಾತ್ರಗಳು ಹೊಸ್ತಿಲ ಮೇಲೆ ನಿಂತು ತಾವು ಉಟ್ಟುತೊಟ್ಟದ್ದರ ಪಟ್ಟಿಯನ್ನು ಒಪ್ಪಿಸಿ, ಆಮೇಲಷ್ಟೇ ಒಳಗೆ ಬರುತ್ತವೆ ಎಂದು ಅವರು ಹೇಳಿದ್ದರು. ಮಾತು ನಿಜವಾಗಿದ್ದುದರಿಂದ ಸ್ವಲ್ಪ ನೋವೂ ಆಗಿತ್ತು. ಆ ದೋಷಕ್ಕೆ ಮದ್ದು ಹುಡುಕಿಕೊಂಡು ಬಂದವನ ವಿಮರ್ಶೆ ಇದು ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಬರೆಯುವ ಉದ್ದೇಶವಿಲ್ಲದೆ ಓದಿನ ಸುಖಕ್ಕಾಗಿಯೇ ಸೇರುವವರಿಗೆ ನಾನು ದೂರುವ ಕೆಲವು ಸಂಗತಿಗಳು ಕೊರತೆಯೆಂದು ತೋರದೆ ಇರಬಹುದು.

ಮೊದಲ ಉಪನ್ಯಾಸ ಪೂರ್ತಿಯಾಗಿ ಗೊಗೊಲ್‌ನ ‘ಮೇಲಂಗಿ’ ಕಥೆಗೆ ಮೀಸಲು. 1842ರಲ್ಲಿ ಪ್ರಕಟವಾದ ಈ ಕಥೆಯನ್ನು ಉಡುಪಿನ ಚರ್ಚೆಗೆ ಆರಿಸಿಕೊಳ್ಳುವುದರಲ್ಲಿ ಹೊಸತೇನೂ ಇಲ್ಲ. ಆದರೆ ಬೋಧಕರು ಅದನ್ನು ಪ್ರವೇಶಿಸಿದ ಬಾಗಿಲು ಹೊಸದು. ಹೊಸ ಮೇಲಂಗಿಗೆ ಹೋಗುವ ಮೊದಲು ಅವರು ಹಳೆಯ ಮೇಲಂಗಿಯ ಕಾಲರಿನ ಮುಂದೆ ಬಹಳ ಹೊತ್ತು ನಿಲ್ಲುತ್ತಾರೆ. ಕಾಗದಪತ್ರಗಳ ನಕಲು ತೆಗೆಯುವುದನ್ನೇ ಬದುಕಾಗಿಸಿಕೊಂಡ ಗುಮಾಸ್ತ ಅಕಾಕಿ ಅಕಾಕಿಯೆವಿಚ್‌ನ ಹಳೆಯ ಮೇಲಂಗಿಯ ಕಾಲರು ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತ ಬಂದಿದೆ, ಏಕೆಂದರೆ ಉಳಿದ ಭಾಗಗಳಿಗೆ ತೇಪೆ ಹಾಕಲು ಅದರಿಂದಲೇ ಬಟ್ಟೆ ಕತ್ತರಿಸಿ ತೆಗೆಯಲಾಗಿದೆ. ಬಡತನ ಎಂಬ ಪದವನ್ನು ಬಳಸದೆಯೇ, ತನ್ನನ್ನು ತಾನೇ ಕೊರೆದುಕೊಂಡು ದಿನ ದೂಡುವ ಒಬ್ಬ ಮನುಷ್ಯನ ಚರಿತ್ರೆಯನ್ನು ಆ ಕಾಲರು ಹೇಳಿಬಿಡುತ್ತದೆ ಎಂದು ಬೋಧಕರು ತೋರಿಸಿಕೊಡುವ ರೀತಿ ಸೊಗಸಾಗಿದೆ. ಅಲ್ಲಿಂದ ಅವರು ದರ್ಜಿ ಪೆಟ್ರೊವಿಚ್‌ನ ಬಳಿಗೆ ಬರುತ್ತಾರೆ. ತೇಪೆ ಹಾಕಲು ಜಾಗವೇ ಉಳಿದಿಲ್ಲ, ಸೂಜಿ ತಾಗಿಸಿದರೆ ಬಟ್ಟೆ ಹರಿಯುತ್ತದೆ ಎಂದು ಅವನು ಖಡಾಖಂಡಿತವಾಗಿ ಹೇಳಿದ ಮೇಲೆ ಅಕಾಕಿಯ ಉಳಿತಾಯದ ತಿಂಗಳುಗಳು ಆರಂಭವಾಗುತ್ತವೆ: ಸಂಜೆಯ ಚಹಾ ನಿಲ್ಲುತ್ತದೆ, ಮೇಣದಬತ್ತಿ ಉರಿಯುವುದಿಲ್ಲ, ಬೂಟಿನ ಅಟ್ಟೆ ಸವೆಯದಿರಲೆಂದು ಅವನು ಬೀದಿಯ ಕಲ್ಲುಗಳ ಮೇಲೆ ತುದಿಗಾಲಿನಲ್ಲಿ ನಡೆಯುತ್ತಾನೆ. ಮೇಲಂಗಿ ಇನ್ನೂ ಹೊಲಿಗೆಯನ್ನೇ ಕಂಡಿಲ್ಲ. ಆದರೆ ಅವನ ನಡಿಗೆಯನ್ನು ಆಗಲೇ ಬದಲಾಯಿಸಿದೆ.

ಈ ಉಪನ್ಯಾಸದಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದ ಭಾಗ ಇನ್ನೂ ಮುಂದಿದೆ. ಹೊಸ ಮೇಲಂಗಿಯನ್ನು ತೊಟ್ಟು ಅಕಾಕಿ ಕಚೇರಿಗೆ ಹೊರಟಾಗ ದರ್ಜಿ ಅವನ ಬೆನ್ನಹಿಂದೆಯೇ ಬೀದಿಗಿಳಿದು, ದೂರದಲ್ಲಿ ನಿಂತು ತನ್ನ ಕೈಕೆಲಸವನ್ನು ನೋಡುತ್ತಾನೆ. ಅಷ್ಟಕ್ಕೆ ತೃಪ್ತಿಯಾಗದೆ ಒಂದು ಅಡ್ಡ ಓಣಿಯಲ್ಲಿ ಓಡಿಹೋಗಿ, ಮತ್ತೆ ಬೀದಿಗೆ ಬಂದು, ಈ ಬಾರಿ ಮೇಲಂಗಿಯನ್ನು ಎದುರಿನಿಂದ ನೋಡುತ್ತಾನೆ. ಅವನ ಕಣ್ಣು ಅಕಾಕಿಯನ್ನು ಕಾಣುವುದೇ ಇಲ್ಲ, ಮೇಲಂಗಿಯನ್ನಷ್ಟೇ ಕಾಣುತ್ತದೆ. ಅತ್ತ ಅಕಾಕಿ ದರ್ಜಿಯನ್ನು ಕಾಣುವುದಿಲ್ಲ, ತನ್ನ ಮೈಗೆ ಹತ್ತುತ್ತಿರುವ ಬೆಚ್ಚಗಿನ ಸುಖದಲ್ಲಿ ಮುಳುಗಿದ್ದಾನೆ. ಒಂದೇ ಉಡುಪು ಒಂದೇ ಬೀದಿಯಲ್ಲಿ ಇಬ್ಬರು ಮನುಷ್ಯರನ್ನು ಬೇರೆಬೇರೆಯಾಗಿ ಬಯಲಿಗೆಳೆದದ್ದನ್ನು ನಾನು ಹಿಂದೆ ಎರಡು ಬಾರಿ ಓದಿಯೂ ಗಮನಿಸಿರಲಿಲ್ಲ. ಕಾಲರಿಗೆ ಬೆಲೆಬಾಳುವ ತುಪ್ಪಳ ದಕ್ಕದೆ, ದೂರದಿಂದ ನೋಡಿದವರು ಅದೇ ಎಂದುಕೊಳ್ಳುವಂತಹ ಬೆಕ್ಕಿನ ತುಪ್ಪಳವನ್ನು ಹೊಲಿಸಿದ ವಿವರವನ್ನೂ ಬೋಧಕರು ಬಿಡುವುದಿಲ್ಲ. ಅಂದು ಸಂಜೆಯ ಔತಣದಲ್ಲಿ ಹಜಾರದ ನೆಲಕ್ಕೆ ಬಿದ್ದಿದ್ದ ಮೇಲಂಗಿಯನ್ನು ಅಕಾಕಿ ಎತ್ತಿ, ಝಾಡಿಸಿ, ಅಂಟಿದ್ದ ಒಂದೊಂದು ಕಸವನ್ನೂ ತೆಗೆದು ತೊಟ್ಟುಕೊಳ್ಳುವ ಸಾಲನ್ನು ಅವರು ಓದಿದಾಗ, ಮುಂದೆ ಕತ್ತಲಿನ ಚೌಕದಲ್ಲಿ ನಡೆಯಲಿರುವ ಕಳವು ತಿಳಿದಿದ್ದ ನನಗೂ ಗಂಟಲು ಕಟ್ಟಿತು.

ಎರಡನೆಯ ಉಪನ್ಯಾಸದ ವಸ್ತು ತಲೆಯುಡುಪು, ಅದರ ಕೇಂದ್ರ 1857ರಲ್ಲಿ ಪುಸ್ತಕವಾಗಿ ಬಂದ ಫ್ಲೋಬೇರ್‌ನ ‘ಮದಾಂ ಬೊವಾರಿ’ಯ ಮೊದಲ ಅಧ್ಯಾಯ. ಹೊಸದಾಗಿ ಶಾಲೆಗೆ ಬಂದ ಶಾರ್ಲ್‌ನ ಟೋಪಿ ಹಲವು ಬಗೆಯ ಟೋಪಿಗಳ ಚೂರುಗಳನ್ನು ಕಲಸಿ ಮಾಡಿದಂತಿದ್ದು, ಅದರ ಮೂಕ ಕುರೂಪವನ್ನು ಫ್ಲೋಬೇರ್ ಪದರಪದರವಾಗಿ ವರ್ಣಿಸುತ್ತಾನೆ. ಈ ವರ್ಣನೆಯನ್ನು ಬಿಡಿಸಿ ನೋಡುವಾಗ ಬೋಧಕರು ಎತ್ತುವ ಪ್ರಶ್ನೆ ಸರಿಯಾದದ್ದು: ಇದನ್ನು ನೋಡುತ್ತಿರುವವರು ಯಾರು? ಕಾದಂಬರಿ ಆರಂಭವಾಗುವುದು ‘ನಾವು’ ಎಂಬ ಸರ್ವನಾಮದಿಂದ. ಅಂದರೆ ತರಗತಿಯ ಹುಡುಗರ ಹಿಂಡು ನೋಡುತ್ತಿದೆ. ಒಳಗೆ ಬರುತ್ತಲೇ ಟೋಪಿಯನ್ನು ಬೆಂಚಿನ ಕೆಳಕ್ಕೆ ಎಸೆಯುವುದು ಆ ಹುಡುಗರ ವಾಡಿಕೆ. ಅದು ಗೊತ್ತಿಲ್ಲದ ಹೊಸ ಹುಡುಗ ಟೋಪಿಯನ್ನು ತೊಡೆಯ ಮೇಲೆ ಜೋಪಾನವಾಗಿ ಇಟ್ಟುಕೊಂಡು ಕುಳಿತಿದ್ದಾನೆ. ಎದ್ದು ನಿಂತಾಗ ಅದು ಬೀಳುತ್ತದೆ, ತರಗತಿ ನಗುತ್ತದೆ, ಅವನು ಬಗ್ಗಿ ಎತ್ತಿಕೊಳ್ಳುತ್ತಾನೆ, ಪಕ್ಕದವನು ಮೊಣಕೈಯಿಂದ ತಿವಿದು ಮತ್ತೆ ಬೀಳಿಸುತ್ತಾನೆ. ಆ ಟೋಪಿ ಹೊಸದು, ಅದರ ಅಂಚು ಮಿರುಗುತ್ತಿತ್ತು ಎಂಬ ವಿವರವೇ ನನ್ನನ್ನು ಹೆಚ್ಚು ಕಲಕಿದ್ದು. ಯಾರೋ ಅದನ್ನು ಅಕ್ಕರೆಯಿಂದ, ಹುಡುಗನಿಗೆ ಒಪ್ಪುತ್ತದೆಂದು ನಂಬಿ ಕೊಂಡುತಂದಿರಬೇಕಲ್ಲವೇ?

ಬೋಧಕರು ಇಲ್ಲಿಗೆ ನಿಲ್ಲಿಸಿದ್ದು ನನಗೆ ಕೊರತೆಯೆನಿಸಿತು. ಏಕೆಂದರೆ ಬೀಳುವ ಟೋಪಿ ಇನ್ನೊಂದಿದೆ. 1861ರಲ್ಲಿ ಮುಗಿದ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ನಲ್ಲಿ ಕಮ್ಮಾರ ಜೋ, ತಾನೇ ಸಾಕಿ ಬೆಳೆಸಿದ, ಈಗ ಲಂಡನ್ನಿನಲ್ಲಿ ದೊಡ್ಡ ಮನುಷ್ಯನಾಗುತ್ತಿರುವ ಪಿಪ್‌ನನ್ನು ನೋಡಲು ತನ್ನ ಅತ್ಯುತ್ತಮ ಉಡುಪು ತೊಟ್ಟು ಬರುತ್ತಾನೆ, ಅಗ್ಗಿಷ್ಟಿಕೆಯ ಮೇಲಿನ ಪಟ್ಟಿಯ ತುದಿಯಲ್ಲಿ ಅವನು ಇಟ್ಟ ಟೋಪಿ ಮತ್ತೆಮತ್ತೆ ಉರುಳಿ ಬೀಳುತ್ತದೆ, ಅವನು ಮತ್ತೆಮತ್ತೆ ಹಾರಿ ಹಿಡಿಯುತ್ತಾನೆ. ಎರಡು ಕಡೆಯೂ ನಡೆಯುವುದು ಹೆಚ್ಚುಕಡಿಮೆ ಅದೇ ಹಾಸ್ಯಪ್ರಸಂಗ. ಆದರೆ ಶಾರ್ಲ್‌ನನ್ನು ನೋಡುವ ಕಣ್ಣುಗಳಿಗೆ ನಾಚಿಕೆಯಿಲ್ಲ. ಜೋನನ್ನು ನೋಡುವ ಕಣ್ಣುಗಳಲ್ಲಿ ಇಮ್ಮಡಿ ನಾಚಿಕೆಯಿದೆ. ಅಂದಿನ ಪಿಪ್‌ಗೆ ಜೋನ ಬಗ್ಗೆ ನಾಚಿಕೆ, ಇಂದು ಕಥೆ ಹೇಳುತ್ತಿರುವ ಪಿಪ್‌ಗೆ ಅಂದಿನ ತನ್ನ ಬಗ್ಗೆಯೇ ನಾಚಿಕೆ. ಹೊರಡುವಾಗ ಜೋ, ಈ ಬಟ್ಟೆಯಲ್ಲಿ ನಾನು ತಪ್ಪಾಗಿ ಕಾಣುತ್ತೇನೆ, ಕುಲುಮೆಯ ಉಡುಪಿನಲ್ಲಿ ಸುತ್ತಿಗೆ ಹಿಡಿದಿರುವಾಗ ನನ್ನನ್ನು ನೆನೆದುಕೊಂಡರೆ ನಿನಗೆ ನನ್ನಲ್ಲಿ ಇದರ ಅರ್ಧದಷ್ಟೂ ತಪ್ಪು ಕಾಣದು ಎಂಬ ಅರ್ಥದ ಮಾತನ್ನು ಹೇಳುತ್ತಾನೆ. ತನ್ನ ಉಡುಪನ್ನು ತಾನೇ ಓದಿ ಹೇಳಬಲ್ಲ ಪಾತ್ರ ಕಾದಂಬರಿಗಳಲ್ಲಿ ಅಪರೂಪ. ಆ ಕ್ಷಣದಲ್ಲಿ ಕಮ್ಮಾರನು ಪಿಪ್‌ಗಿಂತ ದೊಡ್ಡವನಾಗಿಬಿಡುತ್ತಾನೆ. ಎರಡು ಟೋಪಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟಿದ್ದರೆ ಉಪನ್ಯಾಸ ಎಷ್ಟು ಬೆಳೆಯುತ್ತಿತ್ತು! ಮುಂದೆ ಐದನೆಯ ಉಪನ್ಯಾಸದಲ್ಲಿ ಇದೇ ಕಾದಂಬರಿ ಬಂದಾಗಲೂ ಜೋನ ಹೆಸರು ಬರುವುದಿಲ್ಲ.

ಮೂರನೆಯ ಉಪನ್ಯಾಸ ಬಣ್ಣಗಳದ್ದು, ಇಡೀ ಪಾಠಮಾಲೆಯಲ್ಲಿ ನನಗೆ ಬೇಡವೆನಿಸಿದ್ದು ಇದೊಂದೇ. ಇದರ ಟಿಪ್ಪಣಿಯಲ್ಲಿ ಒಂದು ಕೋಷ್ಟಕವಿದೆ: ಕೆಂಪು ಎಂದರೆ ಕಾಮ ಅಥವಾ ಬಂಡಾಯ, ಬಿಳಿ ಎಂದರೆ ಮುಗ್ಧತೆ, ಕಪ್ಪು ಎಂದರೆ ಸಾವು ಅಥವಾ ರಹಸ್ಯ, ಹಳದಿ ಎಂದರೆ ಅಸೂಯೆ, ಹೀಗೆ ಸಾಗುತ್ತದೆ. ಮೊದಲ ಎರಡು ಉಪನ್ಯಾಸಗಳಲ್ಲಿ ಅಷ್ಟು ಸೂಕ್ಷ್ಮವಾಗಿ ಓದಿದ ಬೋಧಕರೇ ಇದನ್ನು ಸಿದ್ಧಪಡಿಸಿದರೆಂದು ನಂಬುವುದು ನನಗೆ ಕಷ್ಟವಾಯಿತು. ಅವರು ಕಪ್ಪಿಗೆ ಕೊಟ್ಟ ಉದಾಹರಣೆ ಟಾಲ್‌ಸ್ಟಾಯ್‌ನ ‘ಅನ್ನಾ ಕರೆನಿನಾ’ದ ನೃತ್ಯಕೂಟ, ಆ ಉದಾಹರಣೆಯೇ ಅವರ ಕೋಷ್ಟಕವನ್ನು ಹರಿದುಹಾಕುತ್ತದೆ. ಅನ್ನಾ ತಿಳಿನೇರಳೆ ಬಣ್ಣದ ಉಡುಪಿನಲ್ಲಿ ಬರುತ್ತಾಳೆಂದು, ಅವಳನ್ನು ಮೆಚ್ಚಿಕೊಂಡಿರುವ ಹುಡುಗಿ ಕಿಟಿ ಮನಸ್ಸಿನಲ್ಲಿ ಚಿತ್ರಿಸಿಕೊಂಡಿದ್ದಾಳೆ. ಅನ್ನಾ ಬಂದದ್ದು ಕಪ್ಪು ಮಖಮಲ್ಲಿನಲ್ಲಿ. ಅವಳನ್ನು ನೋಡಿದೊಡನೆ, ಈಕೆ ತಿಳಿನೇರಳೆ ತೊಡಲು ಸಾಧ್ಯವೇ ಇರಲಿಲ್ಲ, ಈಕೆಯ ಸೊಬಗಿರುವುದು ತನ್ನ ಉಡುಪನ್ನು ಹಿಂದಕ್ಕೆ ಸರಿಸಿ ತಾನು ಎದ್ದುಕಾಣುವುದರಲ್ಲಿ, ಉಡುಪು ಬರಿಯ ಚೌಕಟ್ಟು ಎಂಬುದು ಕಿಟಿಗೆ ಹೊಳೆಯುತ್ತದೆ. ಆಗ ಕಪ್ಪಿನಲ್ಲಿ ಸಾವೂ ಇಲ್ಲ, ರಹಸ್ಯವೂ ಇಲ್ಲ. ಇರುವುದು ಕಿಟಿಯ ಮೆಚ್ಚುಗೆ. ಅದೇ ರಾತ್ರಿ, ಇನ್ನೂ ಕೆಲವು ನೃತ್ಯಗಳು ಮುಗಿಯುವಷ್ಟರಲ್ಲಿ, ತಾನು ಪ್ರೀತಿಸುತ್ತಿದ್ದ ವ್ರಾನ್‌ಸ್ಕಿ ಅನ್ನಾಳ ಕಡೆಗೆ ವಾಲಿದ್ದನ್ನು ಕಂಡ ಕಿಟಿಗೆ ಅದೇ ಸರಳ ಕಪ್ಪು ಉಡುಪಿನ ಅದೇ ಚೆಲುವು ಭಯಾನಕವಾಗಿ, ಕ್ರೂರವಾಗಿ ಕಾಣಿಸುತ್ತದೆ. ಬಟ್ಟೆ ಬದಲಾಗಿಲ್ಲ, ಬಣ್ಣ ಬದಲಾಗಿಲ್ಲ. ನೋಡುವ ಹುಡುಗಿಯ ಎದೆ ಒಡೆದಿದೆ.

ಇದಕ್ಕೆ ಇನ್ನೊಂದು ಮಾತು ಸೇರಿಸಬೇಕು. ಆ ಸಂಜೆ ಕಿಟಿಯ ಕೊರಳಲ್ಲೂ ಒಂದು ಕಪ್ಪು ಮಖಮಲ್ಲಿನ ಪಟ್ಟಿಯಿದೆ, ಅವಳ ಪದಕವನ್ನು ಕಟ್ಟಿದ ಪಟ್ಟಿ. ಮನೆಯ ಕನ್ನಡಿಯಲ್ಲಿ ಅದನ್ನು ನೋಡಿಕೊಂಡು ಅವಳು ಹಿಗ್ಗಿದ್ದಳು; ತೊಟ್ಟ ಬೇರೆ ಎಲ್ಲದರ ಬಗ್ಗೆ ಸಂದೇಹ ಬಂದರೂ ಬರಬಹುದಿತ್ತು, ಆ ಮಖಮಲ್ಲಿನ ಬಗ್ಗೆ ಮಾತ್ರ ಅವಳಿಗೆ ಸಂದೇಹವಿರಲಿಲ್ಲ. ಒಬ್ಬಳ ಕೊರಳಲ್ಲಿ ಎಳೆಯಷ್ಟಿದ್ದ ಕಪ್ಪು ಮಖಮಲ್ಲು ಇನ್ನೊಬ್ಬಳ ಮೈತುಂಬ ಹರಡಿಕೊಂಡು ಎದುರಿಗೆ ಬಂದು ನಿಲ್ಲುವುದನ್ನು ಟಾಲ್‌ಸ್ಟಾಯ್ ಎಲ್ಲೂ ಬೊಟ್ಟುಮಾಡಿ ತೋರಿಸುವುದಿಲ್ಲ. ಕೋಷ್ಟಕವನ್ನು ಕೈಯಲ್ಲಿ ಹಿಡಿದು ಹೋದವನಿಗೆ ಈ ಪಟ್ಟಿ ಕಣ್ಣಿಗೆ ಬೀಳುವುದೂ ಇಲ್ಲ. ಬಣ್ಣಕ್ಕೆ ಅರ್ಥವಿಲ್ಲವೆಂದು ನಾನು ವಾದಿಸುತ್ತಿಲ್ಲ. ಆ ಅರ್ಥ ಹುಟ್ಟುವುದು ಒಂದು ನಿರ್ದಿಷ್ಟ ಸಂಜೆಯಲ್ಲಿ, ಒಬ್ಬ ನಿರ್ದಿಷ್ಟ ವ್ಯಕ್ತಿಯ ಕಣ್ಣಿನಲ್ಲಿ. ಬರೆಯಲು ಕಲಿಯುತ್ತಿರುವವರ ಕೈಗೆ ಇಂಥ ಕೋಷ್ಟಕವನ್ನು ಕೊಟ್ಟರೆ ಅವರ ಮುಂದಿನ ಕಥೆಯಲ್ಲಿ ಬಂಡಾಯಗಾರ್ತಿ ತಪ್ಪದೆ ಕೆಂಪು ತೊಟ್ಟು ಬರುತ್ತಾಳೆ, ಮತ್ತು ನಾವೆಲ್ಲ ಅದನ್ನು ಓದಬೇಕಾಗುತ್ತದೆ.

ನಾಲ್ಕನೆಯ ಉಪನ್ಯಾಸದಲ್ಲಿ ಪಾಠಮಾಲೆ ಮತ್ತೆ ದಾರಿಗೆ ಬರುತ್ತದೆ. ಬಟ್ಟೆಯ ಹಣವನ್ನು ಕೊಟ್ಟವರು ಯಾರು ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ಶಾರ್ಲೆಟ್ ಬ್ರಾಂಟೆಯ ‘ಜೇನ್ ಐರ್’ ಕಾದಂಬರಿಯನ್ನು ಇಲ್ಲಿ ಓದಲಾಗಿದೆ. 1847ರ ಈ ಕಾದಂಬರಿಯಲ್ಲಿ, ಮದುವೆ ನಿಶ್ಚಯವಾದ ಮೇಲೆ ರಾಚೆಸ್ಟರ್ ಜೇನ್‌ಳನ್ನು ರೇಷ್ಮೆಯ ಅಂಗಡಿಗೆ ಕರೆದುಕೊಂಡು ಹೋಗಿ ಹೊಳೆಯುವ ನೇರಳೆ ರೇಷ್ಮೆಯನ್ನೂ ಗುಲಾಬಿ ಬಣ್ಣದ ಸ್ಯಾಟಿನ್ನನ್ನೂ ಆರಿಸುತ್ತಾನೆ. ಅವಳು ಹಟ ಹಿಡಿದು ಸರಳವಾದ ಕಪ್ಪು ಸ್ಯಾಟಿನ್ ಮತ್ತು ಮುತ್ತಿನ ಬೂದುಬಣ್ಣದ ರೇಷ್ಮೆಗೆ ಅವನನ್ನು ಒಪ್ಪಿಸುತ್ತಾಳೆ. ಅವನು ಹೆಚ್ಚು ಕೊಂಡಷ್ಟೂ ಅವಳ ಕೆನ್ನೆ ಅವಮಾನದಿಂದ ಉರಿಯುತ್ತದೆ. ಸಾಮಾನ್ಯವಾಗಿ ಇದನ್ನು ಜೇನ್‌ಳ ಸರಳತೆಗೆ, ಸ್ವಾಭಿಮಾನಕ್ಕೆ ಸಾಕ್ಷಿಯೆಂದು ಹೇಳಿ ಮುಗಿಸುತ್ತಾರೆ. ಬೋಧಕರು ಅಲ್ಲಿ ನಿಲ್ಲದೆ ಎಳೆಯನ್ನು ಹಿಡಿದು ಮುಂದೆ ಹೋಗುತ್ತಾರೆ. ಆ ಉರಿಯಲ್ಲಿಯೇ ಜೇನ್‌ಗೆ, ತನ್ನದೆಂಬ ಸ್ವಲ್ಪ ಹಣ ಇದ್ದಿದ್ದರೆ ಎಂಬ ಯೋಚನೆ ಬಂದು, ದೂರದಲ್ಲಿರುವ ಚಿಕ್ಕಪ್ಪನಿಗೆ ಪತ್ರ ಬರೆಯಲು ನಿರ್ಧರಿಸುತ್ತಾಳೆ; ಆ ಪತ್ರದಿಂದಲೇ ಮದುವೆಯ ಸುದ್ದಿ ತಲುಪಬಾರದ ಕಿವಿಗೆ ತಲುಪುತ್ತದೆ, ಮತ್ತು ರಾಚೆಸ್ಟರ್‌ನ ಮೊದಲ ಹೆಂಡತಿ ಬದುಕಿರುವ ಸಂಗತಿ ಹೊರಬಿದ್ದು ಮದುವೆ ನಿಂತುಹೋಗುತ್ತದೆ. ರೇಷ್ಮೆಯ ಅಂಗಡಿಯಲ್ಲಿ ಆದ ಮುಜುಗರ ಕಾದಂಬರಿಯ ಬೆನ್ನೆಲುಬನ್ನೇ ಹಿಡಿದು ಅಲುಗಿಸುತ್ತದೆ. ಉಡುಪು ಪಾತ್ರವನ್ನು ತೋರಿಸುವುದಷ್ಟೇ ಅಲ್ಲದೆ ಪಾತ್ರದಿಂದ ಕೆಲಸ ಮಾಡಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಈ ಉಪನ್ಯಾಸದ ಧ್ವನಿಮುದ್ರಣ ಮಾತ್ರ ಕ್ಷೀಣವಾಗಿದ್ದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೂ ಕೆಲವು ವಾಕ್ಯಗಳು ಕೇಳಿಸುವುದಿಲ್ಲ. ಮಾತಿನ ಪೂರ್ಣ ಪಠ್ಯವನ್ನು ಒದಗಿಸದಿರುವುದರಿಂದ ಹೀಗೆ ತಪ್ಪಿಹೋದದ್ದನ್ನು ಮರಳಿ ಪಡೆಯಲು ಬೇರೆ ದಾರಿಯಿಲ್ಲ.

ಐದನೆಯದು ಕಳಚದ ಬಟ್ಟೆಗಳ ಬಗ್ಗೆ. ಮದುವೆಯ ದಿನ ವರನು ಕೈಕೊಟ್ಟ ಸುದ್ದಿ ಬಂದ ಗಳಿಗೆಗೆ ಎಲ್ಲ ಗಡಿಯಾರಗಳನ್ನೂ ನಿಲ್ಲಿಸಿ, ಒಂದು ಕಾಲಿಗೆ ಷೂ ಹಾಕಿ ಇನ್ನೊಂದನ್ನು ಮೇಜಿನ ಮೇಲೆಯೇ ಬಿಟ್ಟು, ಹಳದಿಗಟ್ಟಿದ ಮದುವೆಯ ಉಡುಪಿನಲ್ಲಿ ವರ್ಷಗಳಿಂದ ಕುಳಿತಿರುವ, ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ನ ಮಿಸ್ ಹ್ಯಾವಿಶಮ್ ಇಲ್ಲಿ ಬರುವುದು ನಿರೀಕ್ಷಿತವೇ. ಅನಿರೀಕ್ಷಿತವಾದದ್ದು ಅವಳ ಪಕ್ಕದಲ್ಲಿ ಕಾಫ್ಕಾನ ‘ರೂಪಾಂತರ’ದ ತಂದೆಯನ್ನು ತಂದು ಕೂರಿಸಿದ್ದು. 1915ರಲ್ಲಿ ಪ್ರಕಟವಾದ ಆ ಕಥೆಯಲ್ಲಿ ಮಗ ಗ್ರೆಗೋರ್ ಹುಳುವಾದ ಮೇಲೆ, ಅಲ್ಲಿಯವರೆಗೆ ನಿಲುವಂಗಿ ತೊಟ್ಟು ಆರಾಮಕುರ್ಚಿಯಲ್ಲಿ ಒರಗಿ, ಎದ್ದು ನಿಲ್ಲಲೂ ಆಗದಂತಿದ್ದ ತಂದೆ ಕೆಲಸಕ್ಕೆ ಸೇರಿ, ಚಿನ್ನದ ಬಣ್ಣದ ಗುಂಡಿಗಳಿರುವ ನೀಲಿ ಸಮವಸ್ತ್ರದಲ್ಲಿ ನೆಟ್ಟಗೆ ನಿಲ್ಲುತ್ತಾನೆ. ಆ ಸಮವಸ್ತ್ರವನ್ನು ಅವನು ಮನೆಯಲ್ಲೂ ಕಳಚುವುದಿಲ್ಲ. ಮನೆಯಲ್ಲಿಯೂ ಮೇಲಧಿಕಾರಿಯ ಕರೆಗೆ ಕಾಯುತ್ತಿರುವವನಂತೆ ಅದರಲ್ಲಿಯೇ ಕುರ್ಚಿಯ ಮೇಲೆ ನಿದ್ದೆಹೋಗುತ್ತಾನೆ. ಹೆಂಡತಿ ಮಗಳು ಎಷ್ಟು ಜತನ ಮಾಡಿದರೂ ಬಟ್ಟೆಯ ತುಂಬ ಕಲೆಗಳು. ಗುಂಡಿಗಳು ಮಾತ್ರ ಸದಾ ಫಳಫಳ. ಹ್ಯಾವಿಶಮ್‌ಳ ಉಡುಪು ಕಾಲವನ್ನು ನಿಲ್ಲಿಸಿದರೆ ಈ ಸಮವಸ್ತ್ರ ಮನೆ ಮತ್ತು ಕಚೇರಿಗಳ ನಡುವಣ ಗೋಡೆಯನ್ನು ಕೆಡವುತ್ತದೆ. ಮಗನಿಗೆ ಸೇಬು ಬೀರುವ ಕೈ ತಂದೆಯದೋ ಸಮವಸ್ತ್ರದ್ದೋ ಎಂಬ ಬೋಧಕರ ಪ್ರಶ್ನೆ ಉತ್ತರವಿಲ್ಲದೆ ಉಳಿಯುತ್ತದೆ, ಅದು ಸರಿಯೂ ಹೌದು. ಇದನ್ನು ನಾನು ಎರಡು ಬಾರಿ ಕೇಳಿದೆ.

ಆರನೆಯ ಉಪನ್ಯಾಸ ವರ್ಜೀನಿಯಾ ವುಲ್ಫ್‌ಳ ‘ಹೊಸ ಉಡುಪು’ ಎಂಬ 1927ರ ಕಥೆಯದು. ದರ್ಜಿಯ ಕೋಣೆಯ ಕನ್ನಡಿಯಲ್ಲಿ ತನ್ನನ್ನು ಚೆಲುವೆಯಾಗಿ ಕಂಡ ಮೇಬೆಲ್, ಅದೇ ಹಳದಿ ರೇಷ್ಮೆಯ ಉಡುಪಿನಲ್ಲಿ ಔತಣದ ಮನೆಯ ಕನ್ನಡಿಯ ಮುಂದೆ ನಿಂತಾಗ ಹಾಲಿನ ಬಟ್ಟಲಿಗೆ ಬಿದ್ದ ನೊಣದಂತಾಗುತ್ತಾಳೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ನಮ್ಮ ಗಾದೆಯನ್ನು ಬೋಧಕರು ಇಲ್ಲಿ ತರುತ್ತಾರೆ. ಆದರೆ ಮೇಬೆಲ್‌ಳನ್ನು ಅಲ್ಲಿ ಯಾರೂ ಅಷ್ಟಾಗಿ ನೋಡುತ್ತಿಲ್ಲ ಎಂಬುದೇ ಕಥೆಯ ಕುಟುಕು. ಪರರ ನೋಟವನ್ನು ಅವಳೇ ಹೊಲಿದು ತೊಟ್ಟುಕೊಂಡಿದ್ದಾಳೆ. ಅಂದಹಾಗೆ, ಮೂರನೆಯ ಉಪನ್ಯಾಸದ ಕೋಷ್ಟಕದ ಪ್ರಕಾರ ಹಳದಿ ಅಸೂಯೆಯ ಬಣ್ಣ. ಮೇಬೆಲ್‌ಳ ಸಂಕಟವನ್ನು ಅಸೂಯೆ ಎಂದು ಕರೆಯುವವರು ಕಥೆಯನ್ನು ಓದಿಲ್ಲವೆಂದೇ ಹೇಳಬೇಕು. ಏಳನೆಯ ಉಪನ್ಯಾಸ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯ ಅಂಗಿಗಳ ರಾಶಿ ಮತ್ತು ಗುಲಾಬಿ ಸೂಟನ್ನು ಕುರಿತದ್ದು. ಹೇಳಿದ್ದರಲ್ಲಿ ತಪ್ಪಿಲ್ಲ, ಹೊಸದೂ ಇಲ್ಲ.

ಟಿಪ್ಪಣಿಗಳ ಭಾಷೆಯ ಬಗ್ಗೆ ನನ್ನ ತಕರಾರು ದೊಡ್ಡದು. ಅವುಗಳಲ್ಲಿ ಎಲ್ಲರೂ ಎಲ್ಲವನ್ನೂ ‘ಧರಿಸುತ್ತಾರೆ’. ಅಕಾಕಿ ಮೇಲಂಗಿಯನ್ನು ಧರಿಸುತ್ತಾನೆ, ಶಾರ್ಲ್ ಟೋಪಿಯನ್ನು ಧರಿಸುತ್ತಾನೆ, ಹ್ಯಾವಿಶಮ್ ಒಂದೇ ಷೂ ಧರಿಸಿದ್ದಾಳೆ. ಕನ್ನಡಕ್ಕೆ ಈ ವಿಷಯದಲ್ಲಿ ಬಡತನವಿದ್ದಿದ್ದರೆ ಸುಮ್ಮನಿರಬಹುದಿತ್ತು. ನಾವು ಸೀರೆಯನ್ನು ಉಡುತ್ತೇವೆ, ಅಂಗಿಯನ್ನು ತೊಡುತ್ತೇವೆ, ಶಾಲನ್ನು ಹೊದೆಯುತ್ತೇವೆ, ರುಮಾಲನ್ನು ಸುತ್ತುತ್ತೇವೆ, ಚಪ್ಪಲಿಯನ್ನು ಮೆಟ್ಟುತ್ತೇವೆ, ಹೂವನ್ನು ಮುಡಿಯುತ್ತೇವೆ. ಒಂದೊಂದು ಕ್ರಿಯಾಪದವೂ ಮೈಯ ಒಂದೊಂದು ಚಲನೆಯನ್ನು ಹೇಳುತ್ತದೆ: ಉಡುವುದರಲ್ಲಿ ಸುತ್ತಿ ಸಿಕ್ಕಿಸುವ ಕೈಯಿದೆ, ತೊಡುವುದರಲ್ಲಿ ತೂರಿಸುವ ತೋಳಿದೆ, ಹೊದೆಯುವುದರಲ್ಲಿ ಮುಚ್ಚಿಕೊಳ್ಳುವ ಆಸೆಯಿದೆ, ಮೆಟ್ಟುವುದರಲ್ಲಿ ಭಾರವಿದೆ. ಅಕಾಕಿ ತನ್ನ ಹಳೆಯ ಮೇಲಂಗಿಯನ್ನು ಹೊದ್ದುಕೊಳ್ಳುತ್ತಿದ್ದ, ಹೊಸದನ್ನು ತೊಟ್ಟ ಎಂದು ಬರೆದರೆ ಚಳಿಗೆ ಮುದುರಿದ ಮನುಷ್ಯ ಎದೆಯೆತ್ತಿ ನಡೆದದ್ದು ಎರಡು ಪದಗಳಲ್ಲಿ ಬಂದುಬಿಡುತ್ತದೆ. ಇನ್ನು ಆಡುಮಾತಿನ ‘ಹಾಕಿಕೊಂಡ’, ಆತುರದ ‘ಏರಿಸಿಕೊಂಡ’, ಒಲ್ಲದ ಮನಸ್ಸಿನ ‘ಸಿಕ್ಕಿಸಿಕೊಂಡ’ ಇವುಗಳ ಮಾತೇ ಬೇರೆ. ಉಡುಪು ಪಾತ್ರವನ್ನು ಹೇಗೆ ತೋರಿಸುತ್ತದೆ ಎಂದು ಕನ್ನಡದಲ್ಲಿ ಕಲಿಸುವವರು ಈ ಸಂಪತ್ತಿಗೆ ಕನಿಷ್ಠ ಒಂದು ಉಪನ್ಯಾಸವನ್ನಾದರೂ ಕೊಡಬೇಕಿತ್ತು. ಏಳನೆಯದನ್ನು ಕೈಬಿಟ್ಟು ಅದರ ಜಾಗದಲ್ಲಿ ಇದನ್ನು ತರಬಹುದು. ಬೋಧಕರ ಮಾತಿನಲ್ಲಿ ಈ ಕ್ರಿಯಾಪದಗಳೆಲ್ಲ ಸಹಜವಾಗಿ ಬರುತ್ತವೆ. ಬರಹಕ್ಕೆ ಇಳಿಯುವಾಗಲಷ್ಟೇ ಇವೆಲ್ಲ ಹೊರಗುಳಿದು ‘ಧರಿಸು’ ಒಂದೇ ಒಳಗೆ ಬಂದಿದೆ.

ಅಭ್ಯಾಸಗಳ ಬಗ್ಗೆ ಹೇಳಬೇಕು, ಏಕೆಂದರೆ ನಾನು ಮುಖ್ಯವಾಗಿ ಅವುಗಳಿಗಾಗಿಯೇ ಸೇರಿದ್ದೆ. ಮೊದಲನೆಯದು, ಬಟ್ಟೆಯ ಬಣ್ಣವನ್ನಾಗಲಿ ಜಾತಿಯನ್ನಾಗಲಿ ಹೆಸರಿಸದೆ ಒಂದು ಉಡುಪು ಮುಖ್ಯವಾಗಿರುವ ದೃಶ್ಯವನ್ನು ಒಂದು ಪುಟದಲ್ಲಿ ಬರೆಯುವುದು. ಇದು ಒಳ್ಳೆಯ ಕಟ್ಟುಪಾಡು. ನನ್ನ ಹಳೆಯ ಚಾಳಿಗೆ ಆಧಾರವಾಗಿದ್ದ ಎರಡು ಊರುಗೋಲುಗಳನ್ನೂ ಅದು ಕಿತ್ತುಕೊಂಡಿತು. ಕೆಲಸದ ಸಂದರ್ಶನಕ್ಕೆ ಹೊರಟ ಮಗನಿಗೆ ತಂದೆ ತನ್ನ ಹಳೆಯ ಕೋಟನ್ನು ತೊಡಿಸುವ ದೃಶ್ಯವನ್ನು ನಾನು ಬರೆದೆ. ತೋಳುಗಳು ಮಗನಿಗೆ ಉದ್ದವಾಗಿದ್ದವು ಎಂಬ ವಾಕ್ಯದಿಂದ ಮುಗಿಸಿ, ಬಹಳ ಸೂಚ್ಯವಾಗಿ ಬರೆದೆನೆಂಬ ಹೆಮ್ಮೆಯಲ್ಲಿ ಕಳಿಸಿದೆ. ಹತ್ತು ದಿನಗಳ ನಂತರ ಬಂದ ಅಭಿಪ್ರಾಯದಲ್ಲಿ ಆ ಕೊನೆಯ ವಾಕ್ಯದ ಕೆಳಗೆ ಗೆರೆ ಎಳೆದು ಒಂದು ಪ್ರಶ್ನೆ ಕೇಳಲಾಗಿತ್ತು: ತೋಳು ಉದ್ದವಾಗಿದೆಯೆಂದು ಮೊದಲು ಗಮನಿಸಿದವರು ಯಾರು, ತಂದೆಯೋ, ಮಗನೋ? ಗಮನಿಸಿದವರು ಅದನ್ನು ಹೇಳಿದರೋ, ನುಂಗಿಕೊಂಡರೋ? ನಾನು ಯೋಚಿಸಿರಲಿಲ್ಲ. ತಂದೆ ಗಮನಿಸಿ ಏನೂ ಹೇಳದೆ ತೋಳನ್ನು ಒಳಕ್ಕೆ ಮಡಚಿದರೆ ಅದೊಂದು ಕಥೆ. ಮಗ ಗಮನಿಸಿ, ತಂದೆಗೆ ತಿಳಿಯದಂತೆ ಬೀದಿಗೆ ಬಂದ ಮೇಲೆ ಮಡಚಿಕೊಂಡರೆ ಅದು ಬೇರೆಯೇ ಕಥೆ. ನಾನು ಎರಡನೆಯದನ್ನು ಬರೆಯುತ್ತಿದ್ದೇನೆ. ಪಾಠಮಾಲೆಗೆ ಕೊಟ್ಟ ಸಮಯ ಆ ಒಂದು ಪ್ರಶ್ನೆಗೇ ಸಂದಿತು ಎಂದು ನಾನು ಲೆಕ್ಕ ಹಾಕಿಕೊಂಡಿದ್ದೇನೆ.

ಎರಡನೆಯ ಅಭ್ಯಾಸಕ್ಕೆ ಬಂದ ಅಭಿಪ್ರಾಯ ಎರಡು ಸಾಲುಗಳದ್ದು, ಯಾರ ಬರಹಕ್ಕಾದರೂ ಸಲ್ಲುವಂಥದ್ದು. ಪ್ರಯತ್ನ ಚೆನ್ನಾಗಿದೆ, ವಿವರಗಳು ಜೀವಂತವಾಗಿವೆ ಎಂದಿತ್ತು. ಬರಹವನ್ನು ಓದಿದ ಕುರುಹೇ ಅದರಲ್ಲಿರಲಿಲ್ಲ. ಇನ್ನೊಮ್ಮೆ ನೋಡಿ ತಿಳಿಸುವಂತೆ ಸಂಸ್ಥೆಗೆ ಬರೆದ ಪತ್ರಕ್ಕೆ, ಒಂದು ಅಭ್ಯಾಸಕ್ಕೆ ಒಂದೇ ಅಭಿಪ್ರಾಯ ಎಂಬ ನಿಯಮವನ್ನು ಉಲ್ಲೇಖಿಸಿ ಉತ್ತರ ಬಂತು. ನಿಯಮ ಇರಲಿ, ಬಂದದ್ದು ಅಭಿಪ್ರಾಯವೇ ಆಗಿತ್ತೇ ಎಂಬುದು ನನ್ನ ಪ್ರಶ್ನೆಯಾಗಿತ್ತು.

ಎಂಟನೆಯ ಉಪನ್ಯಾಸವನ್ನು ಚೆಖಾವ್‌ನ ‘ಗವಸಿನ ಮನುಷ್ಯ’ನಿಗೆ ಮೀಸಲಿಟ್ಟಿದ್ದೇವೆಂದು ವಿವರಪಟ್ಟಿಯಲ್ಲಿ ಹೇಳಲಾಗಿದೆ. ಆದರೆ ಅದರ ಬಹುಪಾಲು ಹಿಂದಿನ ಪಾಠಗಳ ಪುನರಾವರ್ತನೆಯಲ್ಲಿ ಕಳೆದು, 1898ರ ಈ ಅಪೂರ್ವ ಕಥೆಗೆ ಸಿಕ್ಕಿದ್ದು ಹತ್ತೇ ನಿಮಿಷ. ಒಳ್ಳೆಯ ಬಿಸಿಲಿನಲ್ಲೂ ಗೆಲೋಷ್ (ಮಳೆ ಕೆಸರಿಗೆಂದು ಬೂಟಿನ ಮೇಲೆ ಹಾಕುವ ರಬ್ಬರಿನ ಹೊರಬೂಟು) ಮೆಟ್ಟಿ, ಹತ್ತಿ ತುಂಬಿದ ಕೋಟು ತೊಟ್ಟು, ಛತ್ರಿ ಹಿಡಿದು ಹೊರಡುವ ಗ್ರೀಕ್ ಭಾಷೆಯ ಉಪಾಧ್ಯಾಯ ಬೆಲಿಕೋವ್‌ನ ಛತ್ರಿಗೊಂದು ಗವಸು, ಗಡಿಯಾರಕ್ಕೊಂದು ಗವಸು, ಪೆನ್ಸಿಲ್ ಹೆರೆಯುವ ಚಾಕುವಿಗೂ ಒಂದು ಗವಸು. ಎತ್ತಿದ ಕಾಲರಿನೊಳಗೆ ಅಡಗಿದ ಅವನ ಮುಖಕ್ಕೂ ಗವಸು ಹಾಕಿದಂತಿದೆ. ಇಲ್ಲಿಯವರೆಗಿನದನ್ನು ಬೋಧಕರು ಹೇಳಿದರು. ಸತ್ತ ಮೇಲೆ ಶವಪೆಟ್ಟಿಗೆಯಲ್ಲಿ ಅವನ ಮುಖ, ಎಂದೂ ಹೊರಬರಬೇಕಾಗಿಲ್ಲದ ಗವಸು ಕೊನೆಗೂ ಸಿಕ್ಕಿತೆಂಬಂತೆ ಪ್ರಸನ್ನವಾಗಿತ್ತು ಎಂಬುದನ್ನೂ ಹೇಳಿದರು. ಅದರ ಮರುಮಾತಿಗೇ ಬರುವ ವಿವರವನ್ನು ಬಿಟ್ಟರು. ಅವನನ್ನು ಮಣ್ಣು ಮಾಡಿದ ದಿನ ಮೋಡ ಕವಿದು ಮಳೆ ಬರುತ್ತಿತ್ತು. ಅವನನ್ನು ಕಂಡು ನಗುತ್ತಿದ್ದ, ಅವನಿಗೆ ಹೆದರುತ್ತಲೂ ಇದ್ದ ಸಹೋದ್ಯೋಗಿಗಳೆಲ್ಲ ಅಂದು ಗೆಲೋಷ್ ಮೆಟ್ಟಿ, ಛತ್ರಿ ಹಿಡಿದು ನಿಂತಿದ್ದರು. ಕಥೆಯಲ್ಲಿ ಅದನ್ನು ಹೇಳುವವನು ಆ ಸಹೋದ್ಯೋಗಿಗಳಲ್ಲೊಬ್ಬ, ಅವನು ಬಳಸುವ ಸರ್ವನಾಮವೂ ‘ನಾವು’. ಎರಡನೆಯ ಉಪನ್ಯಾಸದಲ್ಲಿ ಶಾರ್ಲ್‌ನ ಟೋಪಿಗೆ ನಕ್ಕ ‘ನಾವು’ ಇಲ್ಲಿ ಅದೇ ಉಡುಪಿನೊಳಗೆ ಸಿಕ್ಕಿಬಿದ್ದಿದ್ದಾರೆ. ಪಾಠಮಾಲೆಯ ಎರಡು ತುದಿಗಳನ್ನು ಗಂಟು ಹಾಕಲು ದಾರ ಕೈಯಲ್ಲಿಯೇ ಇತ್ತು.

ಧ್ವನಿಮುದ್ರಿಕೆಗಳನ್ನು ಇಳಿಸಿಕೊಳ್ಳಲು ಅವಕಾಶವಿಲ್ಲ. ಸೇರಿದ ದಿನದಿಂದ ಒಂದು ವರ್ಷ ಕೇಳಬಹುದು. ಕಥೆಗಳನ್ನು ಮೊದಲೇ ಓದಿಕೊಂಡು ಹೋಗುವುದು ಒಳ್ಳೆಯದು, ಏಕೆಂದರೆ ಬೋಧಕರು ಕಥಾಸಾರ ಹೇಳುವುದಕ್ಕೆ ಸಮಯ ಕೊಡುವುದಿಲ್ಲ, ಅದಕ್ಕಾಗಿ ಅವರನ್ನು ಮೆಚ್ಚುತ್ತೇನೆ. ಸಮಯ ಕಡಿಮೆಯಿರುವವರು ಒಂದು, ಎರಡು, ನಾಲ್ಕು ಮತ್ತು ಐದನೆಯ ಉಪನ್ಯಾಸಗಳನ್ನು ಕೇಳಿ, ಮೊದಲನೆಯ ಅಭ್ಯಾಸವನ್ನು ತಪ್ಪದೆ ಬರೆದು ಕಳಿಸಬೇಕು. ನನ್ನ ಅವಧಿ ಮುಗಿಯಲು ಇನ್ನೂ ಏಳು ತಿಂಗಳಿವೆ. ಮೂರನೆಯದರ ಟಿಪ್ಪಣಿಯಲ್ಲಿ ಕೋಷ್ಟಕವಿರುವ ಹಾಳೆಯನ್ನು ಹಿಂದುಮುಂದಾಗಿಸಿ, ಅದರ ಖಾಲಿ ಬೆನ್ನಿನ ಮೇಲೆ ಕೋಟಿನ ಕಥೆಯ ಎರಡನೆಯ ಕರಡನ್ನು ಆರಂಭಿಸಿದ್ದೇನೆ.